ಪಡಸಾಲೆ ಗೋಡೆಯ ವಿಮಾನಗಳು

ನಮ್ಮ ಮನೆಗೆ ಸುಣ್ಣ ಹಚ್ಚುತ್ತಿದ್ದದ್ದು ವರ್ಷಕ್ಕೊಮ್ಮೆ, ದಸರೆಯ ಮಾನವಮಿಗೆ. ದೇವರ ಮುಂದೆ ಘಟ ಹಾಕುವ ಮುಂಚೆ ಕೌದಿ, ಕಂಬಳಿ, ಹಾಸಿಗೆ ಎಲ್ಲ ಹಳ್ಳಕ್ಕೆ ಹೊತ್ತುಕೊಂಡು ಹೋಗಿ ಒಗೆದು ಬರಬೇಕು, ಒಲೆಯಿಂದ ಹಿಡಿದು ಮಾಳಿಗೆಯ ಜಂತಿಯವರೆಗೆ ಜೇಡರ ಬಲೆ ಹೊಡೆಯಬೇಕು, ಆಮೇಲೆ ಗೋಡೆಗೆ ಸುಣ್ಣ. ಕೊಪ್ಪಳದ ನಮ್ಮ ಓಣಿಯಲ್ಲಿ ಎಲ್ಲ ಮನೆಗೂ ಇದೇ ಕಟ್ಟಳೆ. ಮಾನವಮಿಗೆ ಸುಣ್ಣ ಕಾಣದ ಮನೆ ಅಂದರೆ ಆ ವರ್ಷ ಸಾವು ಕಂಡ ಮನೆ. ಅಲ್ಲಿ ಘಟ ಇಲ್ಲ, ಹೋಳಿಗೆ ಇಲ್ಲ, ಬನ್ನಿ ಕೊಡಲು ಯಾರೂ ಹೋಗುವುದಿಲ್ಲ. ಬಾಗಿಲಲ್ಲಿ ನಿಂತು ಒಳಗಿನ ಗೋಡೆ ನೋಡಿದರೆ ಮುಗಿಯಿತು, ಬಾಯಿಬಿಟ್ಟು ಕೇಳಬೇಕಾಗಿರಲಿಲ್ಲ. ಈಗಿನವರು ತಮಗೆ ಪುರುಸೊತ್ತು ಸಿಕ್ಕಾಗ ಡಬ್ಬಿಯ ಬಣ್ಣ ತಂದು ಹಚ್ಚುತ್ತಾರೆ. ಅವರಿಗೆ ಇದು ತಿಳಿಯಲಿಕ್ಕಿಲ್ಲವೆಂದು ಮೊದಲೇ ಹೇಳಿಬಿಟ್ಟೆ.

ಸುಣ್ಣ ಹಚ್ಚುವುದು ಅಣ್ಣನ ಪಾಲಿನ ಕೆಲಸ. ನನಗಿಂತ ಎರಡು ವರ್ಷಕ್ಕೆ ದೊಡ್ಡವ, ಕೈ ಉದ್ದ, ಏಣಿ ಬೇಡುತ್ತಿರಲಿಲ್ಲ. ಅಪ್ಪ ಕಂಡವರ ಹೊಲದಲ್ಲಿ ದುಡಿಯುವವ. ಮಗನೂ ಅದೇ ಹಾದಿ ಹಿಡಿಯಲೆಂದು ಅವನಿಗಿತ್ತು. ಅಣ್ಣ ಮಾತ್ರ ಸ್ಟೇಷನ್ ಕಡೆಯ ಹತ್ತಿ ಗಿರಣಿ ಸೇರಿ ಇಂಜಿನ್ನಿಗೆ ಎಣ್ಣೆ ಬಿಡುತ್ತ ನಿಂತ. ಮನೆಗೆ ಬಂದರೆ ಮೈಯೆಲ್ಲ ಎಣ್ಣೆ, ತಲೆಯೆಲ್ಲ ಹತ್ತಿಯ ಎಳೆ. ಅವ್ವ ಅವನನ್ನು ಹೊರಗೆ ನಿಲ್ಲಿಸಿಯೇ ನೀರು ಹುಯ್ಯುತ್ತಿದ್ದಳು.

ಆ ಗಿರಣಿಗೆ ಮುಂಬಯಿಯಿಂದ ಇಂಜಿನ್ನಿನ ಸಾಮಾನು ಬರುತ್ತಿತ್ತು. ಪೆಟ್ಟಿಗೆಯೊಳಗೆ ಸಾಮಾನು ಒಂದಕ್ಕೊಂದು ತಾಗದಿರಲೆಂದು ಹಳೆಯ ಇಂಗ್ಲಿಷ್ ಪತ್ರಿಕೆಗಳನ್ನು ಮುದ್ದೆ ಮಾಡಿ ತುರುಕಿರುತ್ತಿದ್ದರು. ಉಳಿದವರು ಸಾಮಾನು ತೆಗೆದುಕೊಂಡು ಕಾಗದ ಒಲೆಗೆ ಹಾಕಿದರೆ, ಅಣ್ಣ ಕಾಗದವನ್ನು ತೊಡೆಯ ಮೇಲಿಟ್ಟು ಅಂಗೈಯಿಂದ ಉಜ್ಜಿ ಉಜ್ಜಿ ಸಾಪಾಗಿಸಿ ಮನೆಗೆ ತರುತ್ತಿದ್ದ. ಗಿರಣಿಯ ಮುದಿ ಮಿಸ್ತ್ರಿಯೊಬ್ಬ ಸಿಗರೇಟು ಸೇದುವವ. ಆ ಪಾಕೀಟಿನೊಳಗೆ ಬರುವ ಚಿತ್ರದ ಚೀಟಿಗಳನ್ನು ಅಣ್ಣನಿಗೆ ಕೊಡುತ್ತಿದ್ದ. ಅವುಗಳಲ್ಲಿ ವಿಮಾನಗಳಿದ್ದವು, ಅವುಗಳ ಮುಂದೆ ತೊಗಲಿನ ಟೊಪ್ಪಿಗೆ ಹಾಕಿಕೊಂಡು ನಿಂತವರಿದ್ದರು. ಇಂಗ್ಲಿಷು ನಮ್ಮಲ್ಲಿ ಯಾರಿಗೂ ಬಾರದು. ಸಾಲಿಯಲ್ಲಿ ಕಲಿಸುತ್ತಿದ್ದದ್ದು ಉರ್ದು, ಅದನ್ನೂ ಅಣ್ಣ ಅರ್ಧಕ್ಕೆ ಬಿಟ್ಟಿದ್ದ. ಚೀಟಿಯ ಹಿಂದಿನ ಬರಹವನ್ನು ಮಿಸ್ತ್ರಿ ಯಾರಿಂದಲೋ ಓದಿಸಿಕೊಂಡು ಅವನಿಗೆ ಹೇಳುತ್ತಿದ್ದ, ಅವ ನಮಗೆ ಹೇಳುತ್ತಿದ್ದ. ನಡುವೆ ಎಷ್ಟು ಸೋರಿತೋ, ಎಷ್ಟು ಕೂಡಿತೋ ಆ ದೇವರೇ ಬಲ್ಲ.

ಚೀಟಿ ಅಂಗೈಯೊಳಗೆ ಮುಚ್ಚಿಹೋಗುವಷ್ಟು ಚಿಕ್ಕದು. ಅದನ್ನು ಅಣ್ಣ ಪಡಸಾಲೆಯ ಗೋಡೆಯ ಮೇಲೆ ಎತ್ತಿನ ಗಾತ್ರಕ್ಕೆ ಬರೆಯುತ್ತಿದ್ದ. ಹಂಡೆಯ ತಳದ ಮಸಿ, ಕೆಮ್ಮಣ್ಣು, ಅರಿಶಿನ, ಅರಿವೆಗೆ ಹಾಕುವ ನೀಲಿ, ಇಷ್ಟೇ ಅವನ ಬಣ್ಣ. ಈಚಲ ಕಡ್ಡಿಯ ತುದಿ ಜಜ್ಜಿದರೆ ಅದೇ ಕುಂಚ. ಮೊದಲ ವರ್ಷ ಬರೆದದ್ದು ಎರಡು ರೆಕ್ಕೆ ಒಂದರ ಮೇಲೊಂದು ಇರುವ ವಿಮಾನ, ನಡುವೆ ಒಬ್ಬ ಬೋರಲು ಮಲಗಿದ್ದಾನೆ. ಇಬ್ಬರು ಅಣ್ಣತಮ್ಮಂದಿರು ಮಾಡಿದ್ದು, ಮನುಷ್ಯನನ್ನು ಮೊಟ್ಟಮೊದಲು ಎತ್ತಿಕೊಂಡು ಹಾರಿದ್ದು ಇದೇ ಎಂದು ಹೇಳಿದ. ಅವ್ವ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಉಂಡು ಹಂಗ ಬೋರಲ ಮಲಕ್ಕೊಂಡ್ರ ಹೊಟ್ಟಿ ತೊಳಸಂಗಿಲ್ಲೇನು?"

"ಉಣ್ಣದನ ಹೋಗಿರ್ತಾನ ಬಿಡವ್ವ," ಅಂದ ಅಣ್ಣ, ತಿರುಗಿ ನೋಡದೆ.

ಅಪ್ಪ ಮಾತ್ರ ಆ ಗೋಡೆಯ ಕಡೆಗೆ ಬೆನ್ನು ಮಾಡಿ ಉಣ್ಣಲು ಕೂಡುತ್ತಿದ್ದ. ಒಮ್ಮೆ ಕೋಟೆಗುಡ್ಡದ ಮೇಲಿಂದ ನಿಜವಾದ ವಿಮಾನವೇ ಹಾದುಹೋಯಿತು. ಓಣಿಯೆಲ್ಲ ಮಾಳಿಗೆ ಹತ್ತಿತು. ಅಪ್ಪನೂ ಹತ್ತಿದ, ಹಣೆಗೆ ಕೈ ಅಡ್ಡ ಹಿಡಿದು ಅದು ಮರೆಯಾಗುವವರೆಗೆ ನೋಡಿದ. "ಹಕ್ಕಿಗಿ ರೆಕ್ಕಿ ಕೊಟ್ಟಾನ, ನಮಗ ಕೈ ಕೊಟ್ಟಾನ. ಯಾರ್ಯಾರಿಗೆ ಏನೇನು ಬೇಕಂತ ಅವಗ ಗೊತ್ತೈತಿ," ಎಂದು ಹೇಳಿ ಇಳಿದುಬಂದ. ಅಣ್ಣ ಅದರ ಸದ್ದು ಅಡಗಿದ ಮೇಲೂ ಅಲ್ಲೇ ನಿಂತಿದ್ದ.

ಅಣ್ಣನಿಗೆ ಇರಕಲ್ಲಗಡದಿಂದ ಹೆಣ್ಣು ತಂದರು. ಅತ್ತಿಗೆ ಸಣ್ಣ ಮೈಯವಳು, ಮಾತು ಕಡಿಮೆ, ಕೆಲಸದಲ್ಲಿ ಗಟ್ಟಿ. ಹಿರಿಯರ ಎದುರು ಗಂಡಹೆಂಡತಿ ಮಾತಾಡುವಂತಿರಲಿಲ್ಲ. ಅಣ್ಣ ಅದಕ್ಕೊಂದು ಉಪಾಯ ಕಂಡುಕೊಂಡ. ಗೋಡೆಯ ಮುಂದೆ ನನ್ನನ್ನು ನಿಲ್ಲಿಸಿಕೊಂಡು, "ನೋಡವಾ ತಂಗಿ, ಈ ತಂತಿ ಎಳದ್ರ ಬಾಲ ಹೊಳ್ಳತೈತಿ, ಇದು ಹೊಳ್ಳಿದ್ರ ಮುಂದಿಂದು ಏಳತೈತಿ," ಎಂದು ವಿವರಿಸುತ್ತಿದ್ದ. ನಾನು ಹೂಂಗುಟ್ಟುತ್ತಿದ್ದೆ. ಅಲ್ಲೇ ಬೀಸುವ ಕಲ್ಲಿನ ಮುಂದೆ ಕೂತ ಅತ್ತಿಗೆಯ ಕೈ ನಿಧಾನವಾಗುತ್ತಿತ್ತು. ಎಲ್ಲ ಹೇಳುತ್ತಿದ್ದದ್ದು ಆಕೆಗೆ. ನನಗೆ ಒಂದು ತಂತಿಯೂ ನೆನಪುಳಿಯಲಿಲ್ಲ. ಆಕೆಗೆ ಎಲ್ಲ ನೆನಪಿತ್ತು.

ಒಂದು ವರ್ಷ ಮಿಸ್ತ್ರಿ ಕೊಟ್ಟ ಚೀಟಿಯಲ್ಲಿ ಹೆಣ್ಣುಮಗಳೊಬ್ಬಳಿದ್ದಳು. ಒಬ್ಬಳೇ ವಿಮಾನ ಹಾರಿಸಿಕೊಂಡು ಸಮುದ್ರಗಳನ್ನು ದಾಟಿ ಹೋದವಳಂತೆ. ಅಣ್ಣ ಆಕೆಯನ್ನು ನಿಂತ ಆಳಿನ ಎತ್ತರಕ್ಕೆ ಬರೆದ: ತೊಗಲಿನ ಟೊಪ್ಪಿಗೆ, ಗಂಡಸರ ಅಂಗಿ, ಕೈ ರೆಕ್ಕೆಯ ಮೇಲೆ. ಅವ್ವ ನೋಡಿದವಳೇ ಹುಬ್ಬು ಗಂಟು ಹಾಕಿದಳು. ಬರಿ ಹಣೆಯ ಹೆಣ್ಣನ್ನು ಬಾಳುವ ಮನೆಯ ಗೋಡೆಯ ಮೇಲೆ ಇಟ್ಟುಕೊಳ್ಳಲು ಬರುವುದಿಲ್ಲ ಅಂದಳು. ಅವರ ದೇಶದಲ್ಲಿ ಕುಂಕುಮ ಇಲ್ಲವೆಂದು ಅಣ್ಣ ಎಷ್ಟು ತಿಳಿಹೇಳಿದರೂ ಕೇಳಲಿಲ್ಲ.

"ಅವ್ರ ದೇಶದಾಗ ಇಲ್ದಿದ್ರ ಇರವಲ್ದು. ಈಗ ನನ್ನ ಮನ್ಯಾಗ ಅದಾಳಲ್ಲ."

ಅಣ್ಣ ಸೋತ. ಟೊಪ್ಪಿಗೆಯ ಅಂಚಿನ ಕೆಳಗೆ ಕೆಮ್ಮಣ್ಣಿನಿಂದ ಕಾಸಿನಗಲ ಕುಂಕುಮ ಇಟ್ಟ. ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅಂದಿನಿಂದ ಆ ಹೆಣ್ಣುಮಗಳು ನಮ್ಮ ಮನೆಯವಳೇ ಆಗಿಹೋದಳು. ಬಂದ ಹೆಂಗಸರು, "ಇಕಿ ಯಾವ ಊರಾಕಿ?" ಎಂದು ಕೇಳಿದರೆ ಅವ್ವ, "ಭಾಳ ದೂರದಾಕಿ," ಅನ್ನುತ್ತಿದ್ದಳು.

ಮಾನವಮಿ ಬಂದರೆ ಇಷ್ಟೆಲ್ಲದರ ಮೇಲೆ ಅಣ್ಣ ತಾನೇ ಸುಣ್ಣ ಎಳೆಯುತ್ತಿದ್ದ. ಮೊದಲ ಸಲ ನಾನು ಅತ್ತುಬಿಟ್ಟೆ. ಗೋಡೆ ಖಾಲಿಯಾಗದಿದ್ದರೆ ಹೊಸದನ್ನು ಎಲ್ಲಿ ಬರೆಯಲಿ ಎಂದು ಕೇಳಿದ. ಬನ್ನಿ ಮುಡಿದ ಮರುದಿನವೇ ಮಸಿ ಕಲಸಲು ಕೂಡುತ್ತಿದ್ದ. ಆ ಕುಂಕುಮದ ಹೆಣ್ಣುಮಗಳನ್ನು ಮಾತ್ರ ಪ್ರತಿ ವರ್ಷ ಮತ್ತೆ ಬರೆಯುತ್ತಿದ್ದ, ಅತ್ತಿಗೆಗೆ ಅದು ಬೇಕೆಂದು ಅವನಿಗೆ ಗೊತ್ತಿತ್ತು. ಹೀಗಾಗಿ ಸುಣ್ಣಕ್ಕೆ ನಾವು ಯಾರೂ ಅಂಜಲಿಲ್ಲ.

ಅಷ್ಟರಲ್ಲಿ ನನ್ನನ್ನು ಕುಷ್ಟಗಿಗೆ ಕೊಟ್ಟರು. ಯುದ್ಧ ಬಂತು. ವಿಮಾನದ ಇಂಜಿನ್ ಕೆಲಸಕ್ಕೆ ಜನ ಬೇಕಾಗಿದ್ದಾರೆಂದು ಮಿಸ್ತ್ರಿ ಹೇಳಿದ್ದೇ ತಡ, ಅಣ್ಣ ಹೈದರಾಬಾದಿಗೆ ಹೊರಟು ನಿಂತ. ಅಪ್ಪ ಬೇಡವೆಂದ. ಅವ್ವ ಎರಡು ದಿನ ಒಲೆ ಹಚ್ಚಲಿಲ್ಲ. ಅತ್ತಿಗೆಯನ್ನು ಯಾರೂ ಕೇಳಲಿಲ್ಲ, ಅದು ಆಗಿನ ರೀತಿ. ಅಣ್ಣ ಗೋಡೆಗೆ ಸುಣ್ಣ ಹಚ್ಚಿ, ಆ ವರ್ಷದ ಮಾನವಮಿ ಮುಗಿಸಿಕೊಂಡು, ಗಿರಣಿಯ ಕೆಲಸ ಬಿಟ್ಟು ಕೂತು ಜಂತಿಯಿಂದ ನೆಲದವರೆಗೆ ಆ ಗೋಡೆಯನ್ನು ತುಂಬಿದ. ಇಷ್ಟು ವರ್ಷ ಬರೆದು ಅಳಿಸಿದ್ದನ್ನೆಲ್ಲ ಒಟ್ಟಿಗೆ ಬರೆದ. ಬೋರಲು ಮಲಗಿದವ, ಮೂರು ರೆಕ್ಕೆಯ ಕೆಂಪು ವಿಮಾನ, ಒಬ್ಬನೇ ಕಡಲು ದಾಟಿದ ಉದ್ದ ಮುಖದವ, ನೀರಿನ ಮೇಲೆ ಇಳಿಯುವ ದೋಣಿಯಂಥದ್ದು, ಎಲ್ಲರ ನಡುವೆ ಕುಂಕುಮದ ಹೆಣ್ಣುಮಗಳು. ಆಮೇಲೆ ಕೈ ತೊಳೆದುಕೊಂಡು ಹೋದ.

ಮೊದಲು ಹೈದರಾಬಾದಿನಿಂದ, ಆಮೇಲೆ ರಂಗೂನಿನಿಂದ ಕಾರ್ಡು ಬಂದವು. ಆಮೇಲೆ ರಂಗೂನು ಜಪಾನಿನವರ ಪಾಲಾಯಿತೆಂದು ಸುದ್ದಿ ಬಂತು. ಅಣ್ಣನ ಸುದ್ದಿ ಬರಲಿಲ್ಲ. ಸತ್ತನೆಂದೂ ಬರಲಿಲ್ಲ, ಸೆರೆಸಿಕ್ಕನೆಂದೂ ಬರಲಿಲ್ಲ. ಆ ಕಡೆಯಿಂದ ಕಾಡು ಹಾಯ್ದು ನಡೆದುಬಂದ ಒಬ್ಬರಿಬ್ಬರು ಗಂಗಾವತಿ ಸೀಮೆಯಲ್ಲಿದ್ದಾರೆಂದು ಕೇಳಿ ಅಪ್ಪ ಹುಡುಕಿಕೊಂಡು ಹೋದ. ಅವರಿಗೆ ಏನೂ ಗೊತ್ತಿರಲಿಲ್ಲ. ಅಪ್ಪ ಬಂದು ಕಟ್ಟೆಯ ಮೇಲೆ ಕೂತವನು ರುಮಾಲು ಬಿಚ್ಚುವುದನ್ನೂ ಮರೆತಿದ್ದ.

ಆ ವರ್ಷದ ಮಾನವಮಿಗೆ ನಾನು ತವರಿಗೆ ಬಂದೆ. ಅಡುಗೆಮನೆ, ದೇವರ ಜಗಲಿ, ದನದ ಕೊಟ್ಟಿಗೆ, ಎಲ್ಲ ಬೆಳ್ಳಗಾಗಿದ್ದವು. ಬಾಗಿಲಿಗೆ ಎದುರಾದ ಪಡಸಾಲೆಯ ಆ ಗೋಡೆಗೆ ಮಾತ್ರ ಸುಣ್ಣ ಮುಟ್ಟಿಸಿರಲಿಲ್ಲ. ವರ್ಷದ ಹೊಗೆ ಕೂತು ವಿಮಾನಗಳು ಮಾಸಿದ್ದವು.

"ಇದನ್ಯಾಕ ಬಿಟ್ಟೆವಾ?" ಎಂದು ಕೇಳಿದೆ.

"ಅವನ ಗೋಡಿ ಅದು. ಅವ ಬರ್ಲಿ, ಅವನ ಕೈಲೇನ ಹಚ್ಚಸ್ತೀನಿ," ಅಂದಳು ಅವ್ವ.

ಅವ್ವ ಹೊಸ್ತಿಲು ದಾಟಿ ಯೋಚನೆ ಮಾಡಿದವಳಲ್ಲ. ಗೋಡೆಗೆ ಸುಣ್ಣ ಹಚ್ಚದೆ ಬಿಟ್ಟದ್ದು ಮಗ ಬಂದೇ ಬರುತ್ತಾನೆಂಬ ನಂಬಿಕೆಯಿಂದ. ಅದೇ ಗೋಡೆಯನ್ನು ಬಾಗಿಲಲ್ಲಿ ನಿಂತವರು ಏನೆಂದು ಓದುತ್ತಾರೆ ಎಂಬುದು ಅವಳ ತಲೆಗೆ ಹೊಳೆಯಲಿಲ್ಲ. ನನಗಾದರೂ ಹೊಳೆಯಬೇಕಿತ್ತು. ನಾನು ಆ ಚಿತ್ರಗಳನ್ನು ನೋಡುತ್ತ ಅಳುವುದರಲ್ಲಿದ್ದೆ.

ಓಣಿಗೆ ಬೇರೆ ಕೆಲಸ ಇರಲಿಲ್ಲ. ಸುದ್ದಿ ಬಂದಿದೆ, ಮನೆಯವರು ಮುಚ್ಚಿಟ್ಟಿದ್ದಾರೆ, ಸೊಸೆಯ ಮುಖ ನೋಡಿ ಹೇಳಲು ಆಗದೆ ಗೋಡೆಗೆ ಹೇಳಿಸಿದ್ದಾರೆ ಎಂದು ಮಾತು ಹಬ್ಬಿತು. ಊರ ಉಸಾಬರಿ ಹೊತ್ತವರಿಗೆ ಹೊರೆ ಭಾರವಾಗುವುದಿಲ್ಲ. ಬನ್ನಿ ಕೊಡಲು ಆ ಸಲ ನಮ್ಮ ಮನೆಗೆ ಬಂದವರು ಕಡಿಮೆ. ಯುದ್ಧದ ದಿನಗಳು, ಎಲ್ಲರಿಗೂ ತಾಪತ್ರಯ ಎಂದು ಅವ್ವ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಹಬ್ಬ ಕಳೆದು ಕೆಲವು ದಿನಕ್ಕೆ ಓಣಿಯ ತುದಿಯ ಮನೆಯಲ್ಲಿ ಬಸುರಿ ಮಗಳ ಕುಪ್ಪಸದ ಕಾರ್ಯ. ಆ ಮನೆಯ ಹಿರಿಯ ಹೆಂಗಸು ಮುತ್ತೈದೆಯರನ್ನು ಕರೆಯಲು ಕುಂಕುಮದ ಭರಣಿ ಹಿಡಿದು ಮನೆಮನೆಗೆ ಬಂದಳು. ಒಳ್ಳೆಯ ಹೆಂಗಸೇ. ಅತ್ತಿಗೆಯ ಮದುವೆಯಲ್ಲಿ ರಾತ್ರಿಯೆಲ್ಲ ಹಾಡಿದವಳು. ನಾವು ಮೂವರೂ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದೆವು. ಎದ್ದು ನಿಂತೆವು. ಆಕೆ ಅವ್ವನ ಹಣೆಗೆ ಕುಂಕುಮ ಇಟ್ಟಳು, ನನ್ನ ಹಣೆಗೆ ಇಟ್ಟಳು. ಅತ್ತಿಗೆ ಸೆರಗು ತಲೆಯ ಮೇಲೆ ಸರಿಮಾಡಿಕೊಂಡು ಹಣೆ ಮುಂದೆ ಮಾಡಿದಳು. ಬಂದ ಹೆಂಗಸಿನ ಬೆರಳು ಭರಣಿಯೊಳಗೇ ನಿಂತಿತು. ಕಣ್ಣು ಅತ್ತಿಗೆಯನ್ನು ದಾಟಿ ಹಿಂದಿನ ಗೋಡೆಗೆ ಹೋಯಿತು, ಅಲ್ಲಿಂದ ನೆಲಕ್ಕೆ ಬಂತು.

"ಬರ್ತೀನ್ರವ್ವಾ, ಇನ್ನೂ ಭಾಳ ಮನಿ ಅದಾವು," ಎಂದು ಭರಣಿಯ ಮುಚ್ಚಳ ಮುಚ್ಚಿ ಹೊರಟುಹೋದಳು.

ಅತ್ತಿಗೆ ಹಣೆ ಮುಂದೆ ಮಾಡಿದವಳು ಹಾಗೇ ನಿಂತಿದ್ದಳು. ಆಮೇಲೆ ಕೂತು ಜೋಳದೊಳಗಿನ ಕಲ್ಲು ಆರಿಸತೊಡಗಿದಳು. ನನ್ನ ಹಣೆಯ ಮೇಲಿನ ಕುಂಕುಮ ಕೆಂಡದಂತೆ ಸುಟ್ಟಿತು. ಅವ್ವ ಮೊದಲ ಸಲ ಆ ಗೋಡೆಯನ್ನು ಬೇರೆಯವರ ಕಣ್ಣಿನಿಂದ ನೋಡಿದಳು. ಮಗನಿಗಾಗಿ ಕಾದಿಟ್ಟ ಗೋಡೆ ಸೊಸೆಯನ್ನು ವಿಧವೆ ಮಾಡಿ ಕೂರಿಸಿತ್ತು.

ಮರುದಿನ ಬೆಳಿಗ್ಗೆ ಅವ್ವ ಗಡಿಗೆಯಲ್ಲಿ ಸುಣ್ಣದ ಹರಳು ಹಾಕಿ ನೀರು ಹುಯ್ದಳು. ಅದು ಕೊತಕೊತ ಕುದಿಯುವ ಸದ್ದಿಗೆ ಅತ್ತಿಗೆ ಹಿತ್ತಲಿಂದ ಓಡಿಬಂದಳು. ಆಕೆ ಅತ್ತೆಯ ಮುಂದೆ ದನಿ ಎತ್ತಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು.

"ಬ್ಯಾಡ್ರಿ ಅತ್ತಿ. ಅವ್ರಿವ್ರು ಕುಂಕುಮ ಹಚ್ಚಲಿಲ್ಲಂದ್ರ ನಾ ಏನ್ ಸಾಯಂಗಿಲ್ಲ. ಗೋಡಿ ಹೋದ್ರ ನನಗೇನೈತ್ರಿ?"

"ಗೋಡಿ ಉಳದ್ರ ನನ್ನ ಮಗಾ ಉಳಿಯಂಗಿಲ್ಲ," ಅಂದಳು ಅವ್ವ. "ಊರಿಗೂರೇ ಅವನ್ನ ದಿನಾ ಸಾಯಸ್ತೈತಿ. ಅವ ಬದಕ್ಯಾನಂತ ನಾ ಹೆಂಗ ಹೇಳ್ಲಿ? ನನಗ ಇದೊಂದ ಗೊತ್ತೈತಿ."

ಅತ್ತಿಗೆ ಬದಿಗೆ ಸರಿದಳು. ಅವ್ವ ಕತ್ತಾಳೆ ನಾರಿನ ಕುಂಚ ತೆಗೆದುಕೊಂಡು ಮೂಲೆಯಿಂದ ಶುರುಮಾಡಿದಳು. ಬೋರಲು ಮಲಗಿದವ ಹೋದ. ಕೆಂಪು ವಿಮಾನ ಒಂದು ಕೈಗೆ ಮುಚ್ಚಲಿಲ್ಲ, ಕೆಮ್ಮಣ್ಣು ಸುಣ್ಣದಲ್ಲಿ ಕಲೆತು ಗೋಡೆಯೆಲ್ಲ ಗುಲಾಬಿಯಾಯಿತು. ಒಣಗಲು ಬಿಟ್ಟು ಮತ್ತೆ ಎಳೆದಳು. ಹಂಡೆಯ ಮಸಿ ಇನ್ನೂ ಹಟಮಾರಿ. ಅವ್ವ ಎತ್ತರದವಳಲ್ಲ, ಮೇಲಿನವಕ್ಕೆ ನಾನು ಒರಳುಕಲ್ಲಿನ ಮೇಲೆ ನಿಂತು ಹಚ್ಚಿದೆ. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. ಹಬ್ಬ ಮುಗಿದ ಮೇಲೆ ಸುಣ್ಣ ಹಚ್ಚುವ ಮನೆಯನ್ನು ಯಾರು ಕಂಡಿದ್ದಾರೆ? ನೋಡಲಿ ಎಂದೇ ಅವ್ವ ಬಾಗಿಲನ್ನು ಹಾರುಹೊಡೆದಿದ್ದಳು.

ಕೊನೆಗೆ ನಡುವಿನ ಹೆಣ್ಣುಮಗಳು ಉಳಿದಳು. ಅವ್ವನ ಕೈ ಆಕೆಯ ಹಣೆಯ ಹತ್ತಿರ ಹೋಗಿ ಹಿಂದಕ್ಕೆ ಬಂತು. ಮತ್ತೊಮ್ಮೆ ಹೋಯಿತು, ಮತ್ತೆ ಬಂತು. ತಾನೇ ಹಟ ಮಾಡಿ ಇಡಿಸಿದ ಕುಂಕುಮವನ್ನು ತಾನೇ ಅಳಿಸಲು ಅವಳಿಂದಾಗಲಿಲ್ಲ. ಅತ್ತಿಗೆ ಬಂದು ಅವಳ ಕೈಯಿಂದ ಕುಂಚ ತೆಗೆದುಕೊಂಡಳು. ಮೇಲಿಂದ ಕೆಳಗೆ ನಿಧಾನವಾಗಿ, ಮುಖ ಹೊರಳಿಸದೆ ಎಳೆದಳು. ಮುಗಿದ ಮೇಲೆ ಅವ್ವ ಕೈ ತೊಳೆದು ದೇವರ ಜಗಲಿಯ ಭರಣಿ ತಂದು ಅತ್ತಿಗೆಯ ಹಣೆಗೆ ಕುಂಕುಮ ಇಟ್ಟಳು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ಅಪ್ಪ ಕಟ್ಟೆಯ ಮೇಲಿಂದ ಎದ್ದು ಹೊಲದ ಕಡೆಗೆ ಹೋದ.

ಓಣಿ ನಂಬಿತೋ ಬಿಟ್ಟಿತೋ, ಅತ್ತಿಗೆಯ ಹಣೆಯ ಮುಂದೆ ಮತ್ತೆ ಯಾರ ಬೆರಳೂ ತಡೆಯಲಿಲ್ಲ. ಯುದ್ಧ ಮುಗಿಯಿತು. ದೂರ ಹೋದ ಕೆಲವರು ತಿರುಗಿ ಬಂದರು. ಅಳವಂಡಿಯ ಒಬ್ಬ ಕಾಲು ಕಳೆದುಕೊಂಡು ಬಂದ. ಅವನ ತಾಯಿಯ ಭಾಗ್ಯವೇ ಭಾಗ್ಯ ಅಂದಳು ಅವ್ವ. ಮಾನವಮಿ ಬರುತ್ತಿತ್ತು, ಅವ್ವ ಮತ್ತು ಅತ್ತಿಗೆ ಸೇರಿ ಸುಣ್ಣ ಹಚ್ಚುತ್ತಿದ್ದರು, ಘಟ ಹಾಕುತ್ತಿದ್ದರು. ಆ ಗೋಡೆಗೆ ಉಳಿದವುಗಳಿಗಿಂತ ಒಂದು ಕೈ ಹೆಚ್ಚು. ಅಷ್ಟು ಬಿಳಿಯ ಗೋಡೆ ಓಣಿಯಲ್ಲಿ ಇನ್ನೊಂದಿರಲಿಲ್ಲ. ನನಗೆ ಅದರ ಎದುರು ಕೂತು ಉಣ್ಣಲು ಆಗುತ್ತಿರಲಿಲ್ಲ.

ನಿಜಾಮರ ಆಳ್ವಿಕೆ ಮುಗಿದ ಆ ಭಾದ್ರಪದದಲ್ಲಿ ನಾನು ಕೊಪ್ಪಳದಲ್ಲೇ ಇದ್ದೆ. ಗಲಭೆಯಿಂದ ಹಾದಿ ಕೆಟ್ಟಿದೆಯೆಂದು ಕುಷ್ಟಗಿಗೆ ಹೋಗಗೊಟ್ಟಿರಲಿಲ್ಲ. ಒಂದು ಮಧ್ಯಾಹ್ನ ವಿಮಾನದ ಸದ್ದು ಬಂತು. ಈ ಸಲ ಓಣಿ ಮಾಳಿಗೆ ಹತ್ತಲಿಲ್ಲ, ಬಾಗಿಲು ಹಾಕಿಕೊಂಡು ಒಳಗೆ ಸೇರಿತು. ಅತ್ತಿಗೆ ಕಾಣಲಿಲ್ಲ. ನಾನು ಹೆದರಿ ಏಣಿ ಹತ್ತಿ ನೋಡಿದರೆ ಮಾಳಿಗೆಯ ನಡುವೆ ಮುಖ ಮೇಲೆತ್ತಿ ನಿಂತಿದ್ದಾಳೆ. ವಿಮಾನ ಕೋಟೆಗುಡ್ಡ ಸುತ್ತಿಕೊಂಡು ತಗ್ಗಿನಲ್ಲಿ ಬಂದು ನಮ್ಮ ತಲೆಯ ಮೇಲೆ ಹಾದು ಗಿಣಿಗೇರಿಯ ಕಡೆಗೆ ಹೋಯಿತು. ನಾನು ಆಕೆಯ ಸೆರಗು ಹಿಡಿದು ಎಳೆದೆ.

ಆಕೆ ಅಲುಗಲಿಲ್ಲ. "ಒಂದ ಜೋಡಿ ರೆಕ್ಕಿ," ಅಂದಳು. "ತಂತಿ ಇಲ್ಲ. ಕಾಲು ಸುದ್ದಾ ಹೊಟ್ಟಿಯೊಳಗ ತಗೊಂಡೈತಿ. ಅವ್ರು ಬರೆದದ್ರಾಗ ಇಂಥಾದ್ದೊಂದೂ ಇರಲಿಲ್ಲ."

ನಾನು ಹಿಡಿದ ಸೆರಗು ಬಿಟ್ಟೆ.

"ಅವ್ರು ಇದ್ದಿದ್ರ ಇಷ್ಟೊತ್ತಿಗೆ ಇದನ್ನ ಎಲ್ಲೆರೆ ಒಂದು ಗೋಡಿಗೆ ಬರದು, ಬಂದು ನಿನಗ ಹೇಳ್ತಿದ್ರು," ಅಂದಳು. ಕೆಳಗಿಳಿದು ಹೋಗಿ ಬಿಟ್ಟ ಕೆಲಸಕ್ಕೆ ಕೈ ಹಾಕಿದಳು. ನಾನು ಅಲ್ಲೇ ಕೂತು ಅತ್ತೆ. ನಮ್ಮಣ್ಣ ಇನ್ನು ಬರುವುದಿಲ್ಲವೆಂದು ನನಗೆ ತಿಳಿದದ್ದು ಆಗ.

ಮುಂದಿನ ತಿಂಗಳು ಮಾನವಮಿ. ಅವ್ವ ಎಂದಿನಂತೆ ಗಡಿಗೆಯಲ್ಲಿ ಸುಣ್ಣ ನೆನೆಹಾಕಿದಳು. ಅವಳಿಗೆ ಆಗಲೇ ಸೊಂಟ ಬಾಗಿತ್ತು, ಗಡಿಗೆಯನ್ನು ಜರುಗಿಸುತ್ತ ಜರುಗಿಸುತ್ತ ಪಡಸಾಲೆಗೆ ತಂದು ಕುಂಚಕ್ಕಾಗಿ ಸೊಸೆಯ ಕಡೆಗೆ ಕೈ ಚಾಚಿದಳು. ಅತ್ತಿಗೆ ಕುಂಚ ಕೊಡಲಿಲ್ಲ. ಅವ್ವನ ಹತ್ತಿರ ಕೂತು ಅವಳ ಚಾಚಿದ ಕೈಯನ್ನು ತನ್ನೆರಡೂ ಕೈಯೊಳಗೆ ಹಿಡಿದುಕೊಂಡಳು.

"ಈ ವರ್ಷ ಸುಣ್ಣ ಬ್ಯಾಡ್ರಿ ಅತ್ತಿ."

ಅವ್ವ ಸೊಸೆಯ ಮುಖ ನೋಡಿದಳು, ಹಣೆ ನೋಡಿದಳು. ಆಮೇಲೆ ಅವ್ವ ಎದ್ದಳು, ಗಡಿಗೆಯನ್ನು ಹಿತ್ತಲಿಗೆ ಒಯ್ದು ಸುಣ್ಣವನ್ನು ತಿಪ್ಪೆಗೆ ಸುರಿದಳು. ಆ ವರ್ಷ ನಮ್ಮ ಮನೆಯಲ್ಲಿ ಘಟ ಹಾಕಲಿಲ್ಲ.